ಗಾಜಿನ ತೊಟ್ಟಿಯ ಮೀಸೆಮೀನು: ಅದರ ದೇಹದ ಮಾರ್ಪಾಟುಗಳೂ ಆರೋಗ್ಯವೂ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೋಕುಗಳು ಮಳೆಯ ಅಭಾವಕ್ಕೆ ಹೆಸರಾದ ಸೀಮೆಗಳು. ಇಲ್ಲಿ ವರ್ಷಕ್ಕೆ ಬೀಳುವ ಮಳೆಯ ಸರಾಸರಿ ೫೦೦ ಮಿಲಿಮೀಟರಿನ, ಎಂದರೆ ೨೦ ಅಂಗುಲದ, ಆಸುಪಾಸಿನಲ್ಲಿಯೇ ಇರುವುದರಿಂದ ಕೆರೆ, ಕಟ್ಟೆ, ಕೃಷಿಹೊಂಡಗಳಲ್ಲಿ ನಿಂತ ನೀರೇ ಗ್ರಾಮದ ಜೀವನಾಧಾರವಾಗಿದೆ. ಇಂತಹ ಸೀಮೆಯಲ್ಲಿ ಮನೆಯೊಳಗೆ ಗಾಜಿನ ತೊಟ್ಟಿಯನ್ನಿಟ್ಟು ಬಣ್ಣದ ಮೀನುಗಳನ್ನು ಸಾಕುವ ಅಭ್ಯಾಸವು ಪಟ್ಟಣಗಳಿಂದ ಹಳ್ಳಿಗಳಿಗೂ ಹಬ್ಬುತ್ತಿದೆ. ಮಕ್ಕಳ ಸಂತೋಷಕ್ಕಾಗಿ ತರುವ ಈ ಮೀನುಗಳ ವಿಷಯವು ವ್ಯವಸಾಯದ ಪತ್ರಿಕೆಗೆ ಏಕೆ ಬೇಕೆಂದು ಕೆಲವರು ಕೇಳಬಹುದು. ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ತೊಟ್ಟಿಯ ಮೀನಿನ ದೇಹವನ್ನು ನೋಡಿ ನೀರಿನ ಗುಣದೋಷಗಳನ್ನು ತಿಳಿಯಲು ಕಲಿತವನು ತನ್ನ ಹೊಂಡದ ಮತ್ತು ಕೆರೆಯ ಮೀನುಗಳ ಯೋಗಕ್ಷೇಮವನ್ನೂ ತಿಳಿಯಬಲ್ಲನು. ಎರಡನೆಯದು, ಮನೆಯಲ್ಲಿ ಬೇಡವೆನಿಸಿದ ಒಂದು ಮೀನನ್ನು ದಯೆಯಿಂದ ಕೆರೆಗೆ ಬಿಡುವುದರಿಂದ ಇಡೀ ಗ್ರಾಮಕ್ಕೆ ಸೇರಿದ ಏರಿಗೂ ಮೀನಿನ ಬೆಳೆಗೂ ಅಪಾಯವುಂಟಾಗಬಹುದು. ಆದಕಾರಣ ಗ್ರಾಮಗಳ ಮುಖಂಡರೂ ಜಮೀನುದಾರರೂ ಈ ವಿಷಯವನ್ನು ತಿಳಿದಿರುವುದು ಯುಕ್ತವಾಗಿದೆ.

ಮೀನಿನ ಪರಿಚಯ

ಬಾಯಿಯ ಸುತ್ತ ಮೀಸೆಯಂತಹ ಎಳೆಗಳುಳ್ಳ ಮೀನುಗಳಿಗೆ ಮೀಸೆಮೀನುಗಳೆಂದು ಹೆಸರು. ನಮ್ಮ ದೇಶದ ಕೆರೆಗಳ ಚೇಳುಮೀನು, ಬಾಳೆಮೀನು, ಮಾಗೂರ್ ಇವು ಈ ವರ್ಗದವೇ. ಅಂಗಡಿಗಳಲ್ಲಿ ‘ಬ್ರಿಸಲ್‌ನೋಸ್’ ಎಂದು ಮಾರುವ ಮೀನೂ ಈ ವರ್ಗಕ್ಕೇ ಸೇರಿದುದಾದರೂ ಅದರ ತವರು ದಕ್ಷಿಣ ಅಮೆರಿಕದ ನದಿಗಳು. ಶಾಸ್ತ್ರಜ್ಞರು ಅದನ್ನು ಆನ್ಸಿಸ್ಟ್ರಸ್ ಎಂಬ ಕುಲಕ್ಕೆ ಸೇರಿಸಿದ್ದಾರೆ. ಇದು ಸಾಮಾನ್ಯವಾಗಿ ೫-೬ ಅಂಗುಲಕ್ಕಿಂತ ಹೆಚ್ಚು ಬೆಳೆಯುವುದಿಲ್ಲ. ಬಾಯಿಯು ತಲೆಯ ಕೆಳಭಾಗದಲ್ಲಿ ಬಟ್ಟಲಿನಂತಿದ್ದು, ಅದರಿಂದ ಗಾಜಿಗೂ ಕಲ್ಲಿಗೂ ಕಚ್ಚಿಕೊಂಡು ಪಾಚಿಯನ್ನು ಕೆರೆದು ತಿನ್ನುತ್ತದೆ. ಮೈಮೇಲೆ ಗೆಂಡೆಮೀನಿಗಿರುವಂತೆ ಹುರುಪೆಗಳಿರದೆ, ಎಲುಬಿನ ಫಲಕಗಳು ಹೆಂಚು ಹೊದಿಸಿದಂತೆ ಒಂದರಮೇಲೊಂದು ಕೂಡಿರುತ್ತವೆ. ಹೊಟ್ಟೆಯ ಭಾಗಕ್ಕೆ ಮಾತ್ರ ಈ ಕವಚವಿಲ್ಲ. ಅಲ್ಲಿ ಮೃದುವಾದ ಚರ್ಮವಿರುತ್ತದೆ. ಮೀನು ಗಾಜಿಗೆ ಅಂಟಿಕೊಂಡಾಗ ಈ ಹೊಟ್ಟೆಯು ಹೊರಗಿನಿಂದ ಸ್ಪಷ್ಟವಾಗಿ ಕಾಣುವುದರಿಂದ, ಮೀನನ್ನು ಮುಟ್ಟದೆಯೇ ಅದರ ಆರೋಗ್ಯವನ್ನು ಪರೀಕ್ಷಿಸಬಹುದು.

ಇದು ರಾತ್ರಿಯಲ್ಲಿ ಸಂಚರಿಸುವ ಪ್ರಾಣಿ. ಹಗಲೆಲ್ಲ ಮರದ ತುಂಡಿನ ಅಥವಾ ಕಲ್ಲಿನ ಮರೆಯಲ್ಲಿ ಅಡಗಿರುವುದು ಅದರ ಸ್ವಭಾವವೇ ಹೊರತು ರೋಗದ ಲಕ್ಷಣವಲ್ಲ.

ರೋಗವಲ್ಲದ ಮಾರ್ಪಾಟುಗಳು

ಮೀನಿನ ರೂಪದಲ್ಲಿ ಕಾಣುವ ಅನೇಕ ವ್ಯತ್ಯಾಸಗಳನ್ನು ರೋಗವೆಂದು ಭ್ರಮಿಸಿ, ಬೇಡದ ಔಷಧಗಳನ್ನು ನೀರಿಗೆ ಸುರಿದು ಮೀನನ್ನು ಕೊಲ್ಲುವವರುಂಟು. ಆದುದರಿಂದ ಸಹಜವಾದುದು ಯಾವುದು, ಅಸಹಜವಾದುದು ಯಾವುದು ಎಂಬುದನ್ನು ಮೊದಲು ತಿಳಿಯತಕ್ಕದ್ದು.

ಮರಿಗಳಾಗಿರುವಾಗ ಗಂಡು ಹೆಣ್ಣುಗಳಿಗೆ ಭೇದವು ಕಾಣುವುದಿಲ್ಲ. ಪ್ರಾಯಕ್ಕೆ ಬರುವ ಗಂಡಿನ ಮೂತಿಯಮೇಲೆ ಮಾಂಸದ ಎಳೆಗಳು ಮೊಳಕೆಯಂತೆ ಹುಟ್ಟಿ, ಕ್ರಮೇಣ ಉದ್ದವಾಗಿ, ಕೆಲವುಗಳಲ್ಲಿ ಕವಲೊಡೆದು ಪೊದೆಯಂತಾಗುತ್ತವೆ. ಹೆಣ್ಣಿಗೆ ಇವು ಇಲ್ಲದೆಯೇ ಇರಬಹುದು, ಅಥವಾ ಮೂತಿಯ ಅಂಚಿನಲ್ಲಿ ಮಾತ್ರ ಗಿಡ್ಡವಾಗಿರಬಹುದು. ಇದನ್ನು ನೋಡಿ ಮೀನಿಗೆ ಗಂಟುರೋಗವೋ ಬೂಷ್ಟೋ ಬಂದಿತೆಂದು ಭಯಪಡಬೇಕಾಗಿಲ್ಲ. ಬೂಷ್ಟು ಹತ್ತಿಯಂತೆ ಬಿಳುಪಾಗಿ, ಮೈಯ ಯಾವ ಭಾಗದಲ್ಲಾದರೂ, ವಿಶೇಷವಾಗಿ ಗಾಯವಿರುವೆಡೆ ಕಾಣುತ್ತದೆ. ಈ ಎಳೆಗಳಾದರೋ ಮೈಯ ಬಣ್ಣವನ್ನೇ ಹೋಲುತ್ತ, ಮೂತಿಯ ಎರಡು ಪಕ್ಕಗಳಲ್ಲಿಯೂ ಸಮನಾಗಿ ಬೆಳೆಯುತ್ತವೆ. ಗಂಡು ಮೀನು ಮೊಟ್ಟೆ ಮರಿಗಳನ್ನು ಕಾಯುವುದರಿಂದ, ಮರಿಗಳಂತೆ ತೋರುವ ಈ ಎಳೆಗಳು ಹೆಣ್ಣನ್ನು ಆಕರ್ಷಿಸುವುದಕ್ಕಾಗಿ ಉಂಟಾಗಿರಬಹುದೆಂದು ಕೆಲವು ಶಾಸ್ತ್ರಜ್ಞರು ಊಹಿಸಿದ್ದಾರೆ.

ಗಂಡಿನ ಕೆನ್ನೆಗಳ ಪಕ್ಕದಲ್ಲಿ ಸೂಜಿಯಂತಹ ಮುಳ್ಳುಗಳ ಗೊಂಚಲಿರುತ್ತದೆ. ಬೆದರಿದಾಗಲೂ ಜಗಳವಾಡುವಾಗಲೂ ಇದನ್ನು ಹೊರಕ್ಕೆ ಅಗಲಿಸುತ್ತದೆ. ಬಲೆಯಿಂದ ಹಿಡಿದರೆ ಈ ಮುಳ್ಳುಗಳು ಸಿಕ್ಕಿಕೊಂಡು ಮೀನಿಗೆ ಗಾಯವಾಗುವುದರಿಂದ, ಬಾಯಗಲವಾದ ಪಾತ್ರೆಯಿಂದ ನೀರಿನ ಸಮೇತವಾಗಿ ಎತ್ತುವುದು ಮೇಲು.

ಮೊಟ್ಟೆಯಿಡುವ ಕಾಲದಲ್ಲಿ ಹೆಣ್ಣಿನ ಹೊಟ್ಟೆಯು ಎರಡು ಪಕ್ಕಗಳಲ್ಲಿಯೂ ಸಮನಾಗಿ ತುಂಬಿಕೊಂಡು, ಮೇಲಿನಿಂದ ನೋಡಿದಾಗ ದೇಹವು ಅಗಲವಾಗಿ ಕಾಣುತ್ತದೆ. ಗಂಡು ಒಂದು ಪೊಟರೆಯನ್ನು ಆರಿಸಿಕೊಂಡು ಶುಚಿಮಾಡುತ್ತದೆ. ಹೆಣ್ಣು ಅದರೊಳಗೆ ಕಿತ್ತಳೆ ಬಣ್ಣದ ಮೊಟ್ಟೆಗಳನ್ನಿಟ್ಟು ಹೊರಟುಹೋದ ಮೇಲೆ ಕಾವಲೆಲ್ಲವೂ ಗಂಡಿನದೇ. ಅದು ಬಾಗಿಲಿಗೆ ಅಡ್ಡವಾಗಿ ನಿಂತು ಈಜುರೆಕ್ಕೆಗಳಿಂದ ಹಗಲಿರುಳೂ ನೀರನ್ನು ಬೀಸುತ್ತ ಮೊಟ್ಟೆಗಳಿಗೆ ಪ್ರಾಣವಾಯುವನ್ನು ಒದಗಿಸುತ್ತದೆ. ಈ ದಿವಸಗಳಲ್ಲಿ ಅದು ಆಹಾರವನ್ನು ಬಹಳ ಕಡಿಮೆಮಾಡುವುದರಿಂದ ಸ್ವಲ್ಪ ಬಡವಾಗುವುದು ಸಹಜ. ಮರಿಗಳು ಹೊರಬಿದ್ದ ಮೇಲೆ ಒಳ್ಳೆಯ ಆಹಾರ ದೊರೆತರೆ ಮತ್ತೆ ಮೈತುಂಬುತ್ತದೆ.

ಬಣ್ಣವೂ ಒಂದೇ ಸಮನಾಗಿರುವುದಿಲ್ಲ. ರಾತ್ರಿಯಲ್ಲಿ ಅಥವಾ ಬಿಳಿಯ ಮರಳಿನಮೇಲೆ ಮೀನು ತಿಳಿಯಾಗಿಯೂ, ಕತ್ತಲೆಯ ಮರೆಯಲ್ಲಿ ಕಪ್ಪಾಗಿಯೂ ಕಾಣುತ್ತದೆ. ಬೆದರಿದಾಗ ಕೆಲವು ಗಳಿಗೆಗಳಲ್ಲಿಯೇ ಬಿಳಿಚಿಕೊಂಡು, ಆಮೇಲೆ ಮೊದಲಿನ ಬಣ್ಣಕ್ಕೆ ಬರುತ್ತದೆ. ಹಳದಿ ಮೈಯೂ ಕೆಂಪು ಕಣ್ಣೂ ಉಳ್ಳ ತಳಿಯು ಹುಟ್ಟಿನಿಂದಲೇ ಹಾಗಿರುತ್ತದೆ. ಪ್ರಖರವಾದ ಬೆಳಕಿನಲ್ಲಿ ಕಣ್ಣಿನ ಪಾಪೆಯೊಳಕ್ಕೆ ತೆರೆಯಂತಹ ಒಂದು ಭಾಗವು ಇಳಿದು, ಕಣ್ಣು ಅರ್ಧ ಮುಚ್ಚಿದಂತೆ ಕಾಣುವುದುಂಟು; ಇದು ಕಣ್ಣಿನ ರಕ್ಷಣೆಗೆ ಪ್ರಕೃತಿಯು ಮಾಡಿರುವ ಏರ್ಪಾಡು, ಪೊರೆಯಲ್ಲ.

ನೀರಿನ ದೋಷಗಳು

ತೊಟ್ಟಿಯ ಮೀನುಗಳಲ್ಲಿ ಕಾಣುವ ತೊಂದರೆಗಳಲ್ಲಿ ಬಹುಪಾಲು ನೀರಿನಿಂದಲೇ ಬರುತ್ತವೆ. ಅದರಲ್ಲಿಯೂ ಈ ಎರಡು ತಾಲ್ಲೋಕುಗಳ ನೀರಿನ ಗುಣವನ್ನು ತಿಳಿಯದೆ ಮೀನು ಸಾಕುವವನು ನಷ್ಟಪಡುವುದು ನಿಶ್ಚಯ.

ಇಲ್ಲಿಯ ಬಹುಮಂದಿ ಊರುಗಳಲ್ಲಿ ಕೊಳವೆಬಾವಿಯ ನೀರು ಗಡುಸಾಗಿಯೂ ಕ್ಷಾರವಾಗಿಯೂ ಇರುತ್ತದೆ. ಹಲವು ಕಡೆ ಫ್ಲೋರೈಡೂ ಹೆಚ್ಚು. ಮೀನಿನ ಮಲಮೂತ್ರಗಳಿಂದಲೂ ತಿನ್ನದೆ ಉಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯ ಹುಟ್ಟುತ್ತದೆ. ಈ ಅಮೋನಿಯವು ಹುಳಿಯ ಕಡೆಗಿರುವ ನೀರಿನಲ್ಲಿ ಬಹುಮಟ್ಟಿಗೆ ನಿರಪಾಯವಾದ ರೂಪದಲ್ಲಿದ್ದು, ನೀರು ಕ್ಷಾರವಾದಷ್ಟೂ ಬಿಸಿಯಾದಷ್ಟೂ ವಿಷದ ರೂಪಕ್ಕೆ ತಿರುಗುತ್ತದೆ. ಆದುದರಿಂದ ಮಲೆನಾಡಿನ ಮೆದುನೀರಿನಲ್ಲಿ ಮೀನು ತಾಳಿಕೊಳ್ಳುವಷ್ಟು ಕೊಳೆಯನ್ನು ಚಳ್ಳಕೆರೆಯ ಬೇಸಗೆಯ ನೀರಿನಲ್ಲಿ ತಾಳಲಾರದು. ವಿಷವೇರಿದಾಗ ಮೀನಿನ ಕಿವಿರುಗಳು ಕೆಂಪಾಗಿ ಊದಿಕೊಳ್ಳುತ್ತವೆ, ಉಸಿರಾಟವು ವೇಗವಾಗುತ್ತದೆ, ಈಜುರೆಕ್ಕೆಗಳು ಮೈಗೆ ಮುಚ್ಚಿಕೊಳ್ಳುತ್ತವೆ, ಕೆಳಭಾಗದ ಚರ್ಮದಲ್ಲಿ ಕೆಂಪು ಗೆರೆಗಳು ತೋರುತ್ತವೆ.

ಹೊಸ ತೊಟ್ಟಿಯಲ್ಲಿ ಈ ಅಪಾಯವು ಅಧಿಕ. ಅಮೋನಿಯವನ್ನು ನಿರಪಾಯಗೊಳಿಸುವ ಸೂಕ್ಷ್ಮಜೀವಿಗಳು ಮರಳಿನಲ್ಲಿಯೂ ಸೋಸುಕದಲ್ಲಿಯೂ ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಬೇಕು. ಹಟ್ಟಿಯ ಗೊಬ್ಬರವು ಕಳಿಯಲು ಕಾಲ ಬೇಕಾಗುವಂತೆಯೇ ಇದೂ ಎಂದು ತಿಳಿಯಬಹುದು. ಆದುದರಿಂದ ತೊಟ್ಟಿಯನ್ನು ಕೊಂಡ ದಿವಸವೇ ಅದರ ತುಂಬ ಮೀನುಗಳನ್ನು ಬಿಡಕೂಡದು. ಹಾಗೆಯೇ ಸೋಸುಕವನ್ನು ಕ್ಲೋರಿನ್ ಬೆರೆತ ನಲ್ಲಿಯ ನೀರಿನಲ್ಲಿ ತಿಕ್ಕಿ ತೊಳೆದರೆ ಈ ಜೀವಿಗಳೆಲ್ಲ ಸತ್ತುಹೋಗುವುವು. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಅದನ್ನು ಅಲುಬತಕ್ಕದ್ದು.

ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು ನೀರನ್ನು ತೆಗೆದು ಹೊಸ ನೀರನ್ನು ಹಾಕುವುದು ಸಾಕು. ಕೊಳವೆಬಾವಿಯಿಂದ ಆಗತಾನೆ ಬಂದ ನೀರಿನಲ್ಲಿ ಪ್ರಾಣವಾಯುವು ಕಡಿಮೆಯಿರುವುದರಿಂದ ಅಗಲವಾದ ಪಾತ್ರೆಯಲ್ಲಿ ಒಂದು ರಾತ್ರಿ ಇರಿಸಿ, ಚೆಂಬಿನಿಂದ ಎತ್ತಿ ಹೊಯ್ದು, ತರುವಾಯ ಉಪಯೋಗಿಸಬೇಕು. ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕದ ನೀರಿನಲ್ಲಿ ಲವಣಗಳು ಬಹುಮಟ್ಟಿಗೆ ಇಲ್ಲದಿರುವುದರಿಂದ ಅದೊಂದೇ ಮೀನಿಗೆ ಹಿತವಲ್ಲ. ಅರ್ಧ ಪಾಲು ಕೊಳವೆಬಾವಿಯ ನೀರಿನೊಡನೆ ಬೆರಸಿದರೆ ಎರಡರ ದೋಷವೂ ತಗ್ಗುತ್ತದೆ. ಘಟಕದಿಂದ ಹೊರಕ್ಕೆ ಬಿಡುವ ತ್ಯಾಜ್ಯ ನೀರಿನಲ್ಲಿ ಲವಣಗಳು ಇಮ್ಮಡಿಸಿರುವುದರಿಂದ ಅದನ್ನು ಸರ್ವಥಾ ಉಪಯೋಗಿಸಕೂಡದು.

ಈ ಮೀನಿಗೆ ೨೩ರಿಂದ ೨೭ ಡಿಗ್ರಿ ಸೆಂಟಿಗ್ರೇಡ್ ಶಾಖವು ಹಿತ. ಬೇಸಗೆಯಲ್ಲಿ ಇಲ್ಲಿಯ ಹಗಲಿನ ತಾಪವು ೪೦ ಡಿಗ್ರಿಯ ಸಮೀಪಕ್ಕೆ ಏರುವುದುಂಟು. ೨೫ ಡಿಗ್ರಿಯ ನೀರು ಒಂದು ಲೀಟರಿಗೆ ಸುಮಾರು ೮ ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿದಿಟ್ಟುಕೊಂಡರೆ ೩೫ ಡಿಗ್ರಿಯ ನೀರು ಸುಮಾರು ೭ ಮಿಲಿಗ್ರಾಂ ಮಾತ್ರ ಹಿಡಿಯಬಲ್ಲದು. ಆದರೆ ಬಿಸಿ ನೀರಿನಲ್ಲಿ ಮೀನಿಗೆ ಬೇಕಾಗುವ ಪ್ರಾಣವಾಯುವೋ ಹೆಚ್ಚು. ಹೀಗೆ ಆದಾಯವು ತಗ್ಗಿ ವೆಚ್ಚವು ಏರಿದಾಗ ಮೀನು ಮೇಲಕ್ಕೆ ಬಂದು ಗಾಳಿಯನ್ನು ನುಂಗತೊಡಗುತ್ತದೆ. ಈ ಜಾತಿಯ ಮೀನು ನುಂಗಿದ ಗಾಳಿಯಿಂದ ಜಠರದ ಮೂಲಕ ಪ್ರಾಣವಾಯುವನ್ನು ಹೀರಬಲ್ಲದಾದುದರಿಂದ ಕೂಡಲೆ ಸಾಯುವುದಿಲ್ಲ. ಆದರೆ ಅದು ಪದೇ ಪದೇ ಮೇಲಕ್ಕೆ ಬರುತ್ತಿರುವುದೆಂದರೆ ನೀರು ಕೆಟ್ಟಿದೆಯೆಂಬುದಕ್ಕೆ ಸಾಕ್ಷಿ. ತೊಟ್ಟಿಯನ್ನು ಬಿಸಿಲು ಬೀಳದ ಕಡೆ ಇರಿಸಿ, ಗಾಜಿನ ಹೊರಗೆ ಒದ್ದೆಯ ಬಟ್ಟೆಯನ್ನು ಹೊದಿಸಿದರೆ ಮಣ್ಣಿನ ಹೂಜಿಯ ನೀರಿನಂತೆ ತಂಪಾಗಿರುತ್ತದೆ. ವಿದ್ಯುತ್ತು ನಿಂತು ಗಾಳಿಯ ಯಂತ್ರವು ಕೆಲಸಮಾಡದಿದ್ದಾಗ ಚೆಂಬಿನಿಂದ ನೀರನ್ನೆತ್ತಿ ಒಂದು ಅಡಿಯ ಮೇಲಿನಿಂದ ಹೊಯ್ಯುತ್ತಿದ್ದರೆ ಆಪತ್ಕಾಲಕ್ಕೆ ಸಾಕಾಗುತ್ತದೆ.

ರೋಗದ ಲಕ್ಷಣಗಳೂ ಪರಿಹಾರಗಳೂ

೧. ಹೊಟ್ಟೆಯು ಒಳಕ್ಕೆ ಸೇದುವುದು. ಗಾಜಿಗೆ ಅಂಟಿದ ಮೀನಿನ ಹೊಟ್ಟೆಯು ಸ್ವಲ್ಪ ಉಬ್ಬಿದಂತಿದ್ದರೆ ಅದು ತೃಪ್ತವಾಗಿದೆಯೆಂದು ತಿಳಿಯಬೇಕು, ಗುಳಿಬಿದ್ದಿದ್ದರೆ ಹಸಿದಿದೆ. ಕಣ್ಣುಗಳೂ ಒಳಸೇರಿದ್ದರೆ ಹಸಿವು ಬಹುಕಾಲದ್ದು. ಈ ಮೀನು ಇತರ ಮೀನುಗಳ ಹೊಲಸನ್ನು ತಿಂದು ಬದುಕುತ್ತದೆಂಬ ನಂಬಿಕೆಯೇ ಇದಕ್ಕೆ ಮುಖ್ಯ ಕಾರಣ. ಆ ನಂಬಿಕೆಗೆ ಆಧಾರವಿಲ್ಲ. ಗಾಜಿನಮೇಲಿನ ಪಾಚಿಯೂ ಸ್ವಲ್ಪ ದಿವಸಗಳಲ್ಲಿಯೇ ಮುಗಿದುಹೋಗುತ್ತದೆ. ಸೌತೆಕಾಯಿ, ಕುಂಬಳಕಾಯಿ, ಹುರಳಿಕಾಯಿ, ಪಾಲಕ್ ಸೊಪ್ಪು ಇವುಗಳನ್ನು ಬಿಸಿನೀರಿನಲ್ಲಿ ಬಾಡಿಸಿ, ತಣಿಸಿ, ಸಂಜೆ ಹಾಕಿ, ಉಳಿದುದನ್ನು ಬೆಳಗ್ಗೆ ತೆಗೆಯಬೇಕು. ತೊಟ್ಟಿಯಲ್ಲಿ ಒಂದು ಮರದ ತುಂಡಿರುವುದು ಹಿತ. ಅದನ್ನೂ ಮೀನು ಕೆರೆಯುತ್ತದೆ. ಚೆನ್ನಾಗಿ ತಿಂದರೂ ಹೊಟ್ಟೆಯು ತುಂಬದಿದ್ದರೆ ಕರುಳಿನಲ್ಲಿ ಹುಳುಗಳಿರಬಹುದೆಂದು ಶಂಕಿಸಿ ಪಶುವೈದ್ಯರನ್ನು ಕೇಳಬೇಕು.

೨. ಹೊಟ್ಟೆಯು ಊದುವುದು. ಮೊಟ್ಟೆಯ ಕಾಲದ ತುಂಬುವಿಕೆಗೂ ಇದಕ್ಕೂ ಭೇದವುಂಟು. ಮೊಟ್ಟೆ ತುಂಬಿದ ಹೆಣ್ಣು ಚುರುಕಾಗಿದ್ದು ಆಹಾರ ತಿನ್ನುತ್ತದೆ. ರೋಗದಿಂದ ಊದಿದ ಮೀನು ಮಂಕಾಗಿ, ಆಹಾರ ಬಿಟ್ಟು, ಕೆಲವು ವೇಳೆ ಕಣ್ಣುಗಳನ್ನೂ ಹೊರಚಾಚುತ್ತದೆ. ಸೊಪ್ಪು ತಿನ್ನುವ ಈ ಪ್ರಾಣಿಗೆ ಮಾಂಸದ ಆಹಾರವನ್ನೇ ಹೆಚ್ಚಾಗಿ ಕೊಟ್ಟರೆ ಅಜೀರ್ಣವಾಗಿ ಹೊಟ್ಟೆ ಊದುವುದುಂಟು. ಎರಡು ದಿವಸ ಆಹಾರವನ್ನು ನಿಲ್ಲಿಸಿ, ನೀರನ್ನು ಬದಲಾಯಿಸಿ, ಆಮೇಲೆ ತರಕಾರಿಯನ್ನು ಮಾತ್ರ ಕೊಡಬೇಕು.

೩. ಬಿಳಿಚುಕ್ಕೆ ರೋಗ. ಮೈಮೇಲೆಯೂ ರೆಕ್ಕೆಗಳಮೇಲೆಯೂ ಉಪ್ಪಿನ ಹರಳು ಚೆಲ್ಲಿದಂತೆ ಚುಕ್ಕೆಗಳು ಕಾಣುತ್ತವೆ. ಮೀನು ಕಲ್ಲಿಗೆ ಮೈಯನ್ನು ಉಜ್ಜುತ್ತದೆ. ಇದು ಒಂದು ಸೂಕ್ಷ್ಮವಾದ ಪರಪುಷ್ಟ ಜೀವಿಯಿಂದ ಬರುವ ರೋಗ. ಆ ಜೀವಿಯು ಚರ್ಮದ ಕೆಳಗೆ ಬೆಳೆದು, ಕಳಚಿಬಿದ್ದು, ತಳದಲ್ಲಿ ಕೋಶ ಕಟ್ಟಿಕೊಂಡು, ನೂರಾರು ಮರಿಗಳಾಗಿ ಒಡೆದು, ಮತ್ತೆ ಮೀನನ್ನು ಹುಡುಕುತ್ತದೆ. ಚರ್ಮದ ಕೆಳಗಿರುವಾಗಲೂ ಕೋಶದೊಳಗಿರುವಾಗಲೂ ಔಷಧವು ಅದನ್ನು ಮುಟ್ಟಲಾರದು. ನೀರಿನಲ್ಲಿ ಈಜುವ ಮರಿಯನ್ನು ಮಾತ್ರ ಕೊಲ್ಲಬಹುದು. ಚುಕ್ಕೆಗಳು ಮರೆಯಾದ ಕೂಡಲೆ ಚಿಕಿತ್ಸೆಯನ್ನು ನಿಲ್ಲಿಸುವವರಿಗೆ ರೋಗವು ಮರುಕಳಿಸುವುದು ಈ ಕಾರಣದಿಂದಲೇ. ನೀರಿನ ಶಾಖವನ್ನು ಮೆಲ್ಲಮೆಲ್ಲನೆ ೩೦ ಡಿಗ್ರಿಗೆ ಏರಿಸಿ, ಗಾಳಿಯನ್ನು ಹೆಚ್ಚಾಗಿ ಒದಗಿಸಿ, ಲೀಟರಿಗೆ ಒಂದು ಗ್ರಾಂನಂತೆ ಅಯೋಡಿನ್ ಬೆರಸದ ಉಪ್ಪನ್ನು ಕರಗಿಸಿ ಹಾಕಿ, ಚುಕ್ಕೆಗಳು ಹೋದಮೇಲೆಯೂ ಒಂದು ವಾರ ಹಾಗೆಯೇ ಇರಿಸಬೇಕು. ಮೀಸೆಮೀನುಗಳು ಔಷಧಗಳನ್ನು ಇತರ ಮೀನುಗಳಷ್ಟು ತಾಳಲಾರವು; ತಾಮ್ರವು ಸೇರಿದ ಔಷಧಗಳ ವಿಷಯದಲ್ಲಿ ವಿಶೇಷವಾದ ಎಚ್ಚರಿಕೆ ಅವಶ್ಯಕ.

೪. ಮೀಸೆಗಳೂ ರೆಕ್ಕೆಗಳೂ ಸವೆಯುವುದು. ತಳದ ಮರಳಿನಲ್ಲಿ ಹೊಲಸು ಕೂಡಿಕೊಂಡಿರುವಲ್ಲಿ ಇದು ಸಾಮಾನ್ಯ. ತಳವನ್ನು ಶುಚಿಮಾಡಿ ನೀರನ್ನು ಸರಿಪಡಿಸಿದರೆ ಸವೆದ ಭಾಗವು ಬಹುಮಟ್ಟಿಗೆ ಮತ್ತೆ ಬೆಳೆಯುತ್ತದೆ.

ತೊಟ್ಟಿಯೊಳಗೆ ಕೈಯಿಡುವವರಿಗೂ ಒಂದು ಮಾತು. ರೋಗದ ಮೀನುಗಳಿಂದ ಕೈಯ ಗಾಯದ ಮೂಲಕ ಮನುಷ್ಯರಿಗೆ ಬೇಗ ವಾಸಿಯಾಗದ ಚರ್ಮದ ಗಂಟುಗಳು ಬರುವುದುಂಟು, ಗಾಯವಿರುವವರು ಕೈಯಿಡಕೂಡದು. ಹೊಲದಲ್ಲಿ ಔಷಧ ಸಿಂಪಡಿಸಿ ಬಂದವರು ಸಾಬೂನಿನಿಂದ ಕೈ ತೊಳೆಯದೆ ನೀರನ್ನು ಮುಟ್ಟಲೇಕೂಡದು. ಈರುಳ್ಳಿಗೂ ತರಕಾರಿಗೂ ಸಿಂಪಡಿಸುವ ಸೈಪರ್‌ಮೆತ್ರಿನ್ ಮೊದಲಾದ ಕೀಟನಾಶಕಗಳು ಮೀನಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ಮಾರಕವಾದುವು.

ಕೆರೆ ಮತ್ತು ಕೃಷಿಹೊಂಡಗಳಿಗೆ ಈ ತಿಳಿವಳಿಕೆಯ ಪ್ರಯೋಜನ

ಮೇಲೆ ಹೇಳಿದ ಲಕ್ಷಣಗಳು ಗಾಜಿನ ತೊಟ್ಟಿಗೆ ಮಾತ್ರ ಸೀಮಿತವಾದುವಲ್ಲ. ಕೃಷಿಹೊಂಡದ ಕಟ್ಲಾ, ರೋಹು ಮೀನುಗಳು ಬೆಳಗಿನ ಜಾವದಲ್ಲಿ ಬಾಯಿಬಿಟ್ಟು ಮೇಲಕ್ಕೆ ಬಂದರೆ ಪ್ರಾಣವಾಯುವು ಸಾಲದೆಂದು ತಿಳಿಯತಕ್ಕದ್ದು. ರಾತ್ರಿಯೆಲ್ಲ ಪಾಚಿಯೂ ಪ್ರಾಣವಾಯುವನ್ನು ಉಪಯೋಗಿಸಿಕೊಳ್ಳುವುದರಿಂದ ಸೂರ್ಯೋದಯಕ್ಕೆ ಮುಂಚೆ ಅದು ತೀರ ಕಡಿಮೆಯಾಗಿರುತ್ತದೆ. ಆಗ ಗೊಬ್ಬರವನ್ನೂ ಆಹಾರವನ್ನೂ ನಿಲ್ಲಿಸಿ, ಪಂಪಿನಿಂದ ನೀರನ್ನೆತ್ತಿ ಹೊಂಡಕ್ಕೇ ಚಿಮ್ಮಿಸಬೇಕು. ಚೇಳುಮೀನು ಗಾಳಿಯನ್ನು ಉಸಿರಾಡುವ ಅಂಗವನ್ನು ಪಡೆದಿರುವುದರಿಂದ ಮೇಲಕ್ಕೆ ಬರುವುದು ಅದಕ್ಕೆ ಸಹಜ. ಮಳೆಗಾಲದಲ್ಲಿ ಹೆಣ್ಣು ಚೇಳುಮೀನಿನ ಹೊಟ್ಟೆಯು ತುಂಬಿಕೊಳ್ಳುವುದೂ ರೋಗವಲ್ಲ, ಗರ್ಭದ ಚಿಹ್ನೆ. ಅಂತಹ ಮೀನುಗಳನ್ನು ಆಗ ಹಿಡಿಯದೆ ಬಿಟ್ಟರೆ ಮುಂದಿನ ವರ್ಷಕ್ಕೆ ಸಂತಾನವುಂಟು.

ಚಳಿಗಾಲದಲ್ಲಿ ಮೀನುಗಳ ಮೈಮೇಲೆ ಕೆಂಪು ಮಚ್ಚೆಗಳೆದ್ದು ಆಳವಾದ ಹುಣ್ಣುಗಳಾದರೆ ಅದು ೧೯೮೮ರಲ್ಲಿ ನಮ್ಮ ದೇಶಕ್ಕೆ ಬಂದ ಹುಣ್ಣಿನ ರೋಗವಾಗಿರಬಹುದು. ಕುಚ್ಚುಮೀನು ಮತ್ತು ಮೀಸೆಮೀನುಗಳಲ್ಲಿ ಇದು ಹೆಚ್ಚು. ಇದಕ್ಕೆ ಸುಣ್ಣವೂ, ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯು ಸಿದ್ಧಪಡಿಸಿದ ಸಿಫ್ಯಾಕ್ಸ್ ಎಂಬ ಔಷಧವೂ ಪ್ರಯೋಜನಕಾರಿಯಾಗಿವೆ. ಆದರೆ ಈ ಸೀಮೆಯ ನೀರು ಮೊದಲೇ ಕ್ಷಾರವಾಗಿರುವುದರಿಂದ ಪರೀಕ್ಷೆ ಮಾಡಿಸದೆ ಸುಣ್ಣವನ್ನು ಸುರಿಯಕೂಡದು. ಮೀನುಗಾರಿಕೆ ಇಲಾಖೆಯವರ ಸಲಹೆಯನ್ನು ಪಡೆಯುವುದು ಅವಶ್ಯಕ.

ತೊಟ್ಟಿಯ ಮೀನನ್ನು ಕೆರೆಗೆ ಬಿಡಕೂಡದು

ಅಂಗಡಿಯಲ್ಲಿ ‘ಸಕ್ಕರ್’ ಎಂಬ ಒಂದೇ ಹೆಸರಿನಿಂದ ಎರಡು ಬಗೆಯ ಮೀನುಗಳನ್ನು ಮಾರುತ್ತಾರೆ. ಒಂದು, ಇದುವರೆಗೆ ವರ್ಣಿಸಿದ ಚಿಕ್ಕ ಜಾತಿ. ಮತ್ತೊಂದು, ಅದರ ದಾಯಾದಿಯಾದ ದೊಡ್ಡ ಜಾತಿ. ಇದಕ್ಕೆ ಮೂತಿಯ ಎಳೆಗಳು ಎಂದಿಗೂ ಬರುವುದಿಲ್ಲ, ಬೆನ್ನಿನ ರೆಕ್ಕೆಯು ಪಟದಂತೆ ಎತ್ತರವಾಗಿರುತ್ತದೆ, ದೇಹವು ಒಂದು ಅಡಿಗೂ ಮಿಕ್ಕಿ ಬೆಳೆಯುತ್ತದೆ. ಮರಿಗಳಲ್ಲಿ ಭೇದವನ್ನು ತಿಳಿಯಬೇಕಾದರೆ ಬೆನ್ನಿನ ರೆಕ್ಕೆಯ ಎಳೆಗಳನ್ನೆಣಿಸಬೇಕು. ಮುಂದಿನ ಮುಳ್ಳನ್ನು ಬಿಟ್ಟು ಚಿಕ್ಕ ಜಾತಿಗೆ ಸಾಮಾನ್ಯವಾಗಿ ೭ ಎಳೆಗಳೂ, ದೊಡ್ಡ ಜಾತಿಗೆ ೧೦ ಅಥವಾ ಅದಕ್ಕಿಂತ ಹೆಚ್ಚು ಎಳೆಗಳೂ ಇರುತ್ತವೆ. ಈ ದೊಡ್ಡ ಜಾತಿಯೇ ತೊಟ್ಟಿಯಲ್ಲಿ ಹಿಡಿಸದಷ್ಟು ಬೆಳೆದು, ಯಜಮಾನನಿಗೆ ಬೇಡವಾಗಿ, ಕೆರೆಯ ಪಾಲಾಗುವುದು.

ಅದರಿಂದಾಗುವ ಹಾನಿಯು ಊಹೆಯ ಮಾತಲ್ಲ. ಮೆಕ್ಸಿಕೋ ದೇಶದ ಇನ್ಫಿಯೆರ್ನಿಯೊ ಜಲಾಶಯದಲ್ಲಿ ಈ ಮೀನು ಹೆಚ್ಚಿ, ಬೆಸ್ತರ ಬಲೆಗಳಿಗೆ ಒಳ್ಳೆಯ ಮೀನಿನ ಬದಲು ಇದೇ ತುಂಬಿಕೊಂಡು, ಮೀನುಗಾರಿಕೆಯು ಕುಸಿಯಿತು. ನಮ್ಮ ದೇಶದಲ್ಲಿಯೂ ಹಲವು ರಾಜ್ಯಗಳ ನೀರಿನಲ್ಲಿ ಇದು ನೆಲೆಸಿದೆ. ೨೦೨೦ರಲ್ಲಿ ವಾರಾಣಸಿಯ ಬಳಿ ಗಂಗಾನದಿಯಲ್ಲಿ ದೊರೆಯಿತು. ಇದರ ಎಲುಬಿನ ಕವಚವೂ ಗಡುಸಾದ ಮುಳ್ಳುಗಳೂ ಬಲೆಯನ್ನು ಹರಿಯುತ್ತವೆ, ಮಾಂಸಕ್ಕೆ ಗಿರಾಕಿಯಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೊಂದುಂಟು. ಈ ಜಾತಿಯ ಗಂಡು ಮೊಟ್ಟೆಗಳಿಗಾಗಿ ಮಣ್ಣಿನ ದಡದಲ್ಲಿ ಬಿಲವನ್ನು ಕೊರೆಯುತ್ತದೆ. ಆ ಬಿಲವು ಮೂರು ಅಡಿಗೂ ಮಿಕ್ಕಿ ಒಳಕ್ಕೆ ಹೋಗುವುದುಂಟು. ಏಡಿಯ ಬಿಲ, ಹೆಗ್ಗಣದ ಬಿಲಗಳಿಂದ ಏರಿಗೆ ಬರುವ ಅಪಾಯವನ್ನು ಕೆರೆಯ ಕೆಳಗಿನ ಅಚ್ಚುಕಟ್ಟುದಾರರಿಗೆ ಹೇಳಿಕೊಡಬೇಕಾದ ಅಗತ್ಯವಿಲ್ಲ. ಕಲ್ಲುಕಟ್ಟಣೆಯು ಕಳಚಿರುವ ಮಣ್ಣಿನ ಏರಿಗೆ ನೀರಿನ ಒಳಮಗ್ಗುಲಿನಿಂದ ಇಂತಹ ಬಿಲಗಳು ಬಿದ್ದರೆ ಮಣ್ಣು ಕುಸಿಯುವುದೂ ಜಿನುಗು ಹೆಚ್ಚುವುದೂ ಸಹಜ.

ಬರಗಾಲದ ಸೀಮೆಯಲ್ಲಿ ಈ ಮೀನು ತಾನಾಗಿಯೇ ನಾಶವಾಗುವುದೆಂದು ನಂಬುವುದೂ ಸರಿಯಲ್ಲ. ಕೆರೆಯು ಪೂರ್ಣವಾಗಿ ಬತ್ತಿದರೆ ಅದು ಸಾಯುವುದು ನಿಜ. ಆದರೆ ತೂಬಿನ ಗುಂಡಿಯಲ್ಲಿ ಮೊಣಕಾಲುದ್ದ ಕೆಸರುನೀರು ಉಳಿದರೆ, ಪ್ರಾಣವಾಯುವಿಲ್ಲದೆ ಕಟ್ಲಾ ರೋಹುಗಳು ಸತ್ತರೂ, ಗಾಳಿಯನ್ನು ನುಂಗಿ ಬದುಕಬಲ್ಲ ಈ ಮೀನು ಉಳಿಯುತ್ತದೆ. ಮುಂದಿನ ಮಳೆಗೆ ಕೆರೆ ತುಂಬಿದಾಗ ಎದುರಾಳಿಗಳಿಲ್ಲದ ನೀರು ಅದರದಾಗುತ್ತದೆ. ಹೀಗೆ ಬರಗಾಲವು ಒಳ್ಳೆಯ ಮೀನಿಗೆ ಶತ್ರುವಾಗಿ ಇದಕ್ಕೆ ಮಿತ್ರನಾಗುತ್ತದೆ.

ಒಂದು ಕೆರೆಯ ಮೀನು ಒಂದು ಕೆರೆಯಲ್ಲಿಯೇ ನಿಲ್ಲುವುದೂ ಇಲ್ಲ. ಕೋಡಿಯ ನೀರಿನೊಡನೆ ಮೇಲಿನ ಕೆರೆಯ ಮೀನು ಕೆಳಗಿನ ಕೆರೆಗೆ ಇಳಿಯುತ್ತದೆ. ೧೯೦೭ರಲ್ಲಿ ಪೂರೈಸಿದ ವಾಣಿವಿಲಾಸ ಸಾಗರವು ೧೯೩೩ರ ತರುವಾಯ ೨೦೨೨ರಲ್ಲಿ ಕೋಡಿಬಿದ್ದು, ವೇದಾವತಿಯು ಚಳ್ಳಕೆರೆಯ ಕಡೆಗೆ ತುಂಬಿ ಹರಿದುದನ್ನು ಈ ಸೀಮೆಯ ಜನರು ಕಣ್ಣಾರೆ ಕಂಡಿದ್ದಾರೆ. ಮೊಳಕಾಲ್ಮೂರಿನ ರಂಗಯ್ಯನದುರ್ಗದ ಜಲಾಶಯವಿರುವ ಚಿನ್ನಹಗರಿಯೂ ಮುಂದೆ ವೇದಾವತಿಯನ್ನೇ ಸೇರುತ್ತದೆ. ಎಲ್ಲಿಯೋ ಒಂದು ಹಳ್ಳಿಯಲ್ಲಿ ಬಿಟ್ಟ ಮೀನು ನೆರೆಯ ರಾಜ್ಯದವರೆಗೂ ಹೋಗಬಹುದು. ಆಫ್ರಿಕದ ಮಾಗೂರ್ ಮೀನಿನ ಸಾಕಣೆಯನ್ನು ಕೇಂದ್ರ ಸರ್ಕಾರವು ೨೦೦೦ದಲ್ಲಿ ನಿಷೇಧಿಸಿದುದೂ ಇಂತಹ ಭಯದಿಂದಲೇ. ಅದು ಸ್ಥಳೀಯ ಮೀನುಗಳನ್ನು ತಿಂದು ಹಾಕುವ ಜಾತಿ.

ಚಿಕ್ಕ ಜಾತಿಯು ಇಷ್ಟು ಹಾನಿಯನ್ನು ಮಾಡಿದುದು ಕಂಡುಬಂದಿಲ್ಲವಾದರೂ, ಎರಡನ್ನೂ ಗುರುತಿಸುವುದರಲ್ಲಿ ತಪ್ಪಾಗುವ ಸಂಭವವಿರುವುದರಿಂದಲೂ, ತೊಟ್ಟಿಯ ರೋಗಗಳು ನೀರಿನೊಡನೆ ಕೆರೆಗೆ ಸೇರಬಹುದಾದುದರಿಂದಲೂ, ಯಾವ ತೊಟ್ಟಿಯ ಮೀನನ್ನೂ ಕೆರೆಗೆ ಬಿಡದಿರುವುದೇ ಕ್ಷೇಮಕರವಾದ ನಿಯಮ.

ಗ್ರಾಮದ ಮುಖಂಡರು ಮಾಡಬಹುದಾದುವು

ಮೀನು ಬೇಡವಾದವರು ಅದನ್ನು ಅಂಗಡಿಯವನಿಗೆ ಹಿಂದಿರುಗಿಸುವಂತೆ ಅಥವಾ ಸಾಕುವ ಇನ್ನೊಬ್ಬರಿಗೆ ಕೊಡುವಂತೆ ಗ್ರಾಮಸಭೆಯಲ್ಲಿ ತಿಳಿಸಬೇಕು. ವಾಸಿಯಾಗದ ಮೀನಿನ ಸಂಕಟವನ್ನು ಮುಗಿಸಬೇಕಾದಲ್ಲಿ, ಲವಂಗದ ಎಣ್ಣೆಯನ್ನು ಬೆಚ್ಚನೆಯ ನೀರಿನಲ್ಲಿ ಕದಡಿ ಬೆರಸಿದ ಪಾತ್ರೆಯಲ್ಲಿ ಬಿಟ್ಟರೆ ಅದು ಮೈಮರೆತು ನೋವಿಲ್ಲದೆ ಸಾಯುತ್ತದೆ, ತರುವಾಯ ಹೂಳಬೇಕು. ತೊಟ್ಟಿಯ ಕೊಳೆನೀರನ್ನು ಕಾಲುವೆಗೆ ಚೆಲ್ಲದೆ ಗಿಡಗಳ ಬುಡಕ್ಕೆ ಹಾಕಿದರೆ ಗೊಬ್ಬರವೂ ಆಗುತ್ತದೆ. ಆದರೆ ಉಪ್ಪು ಅಥವಾ ಔಷಧ ಹಾಕಿದ ನೀರನ್ನು ಗಿಡಗಳಿಗೂ ಹಾಕಕೂಡದು. ಶಾಲೆಗಳಲ್ಲಿ ಮಕ್ಕಳಿಗೆ ಈ ವಿಷಯವನ್ನು ಹೇಳಿಸುವುದು ಬಹಳ ಉಪಯುಕ್ತ, ಏಕೆಂದರೆ ಮೀನನ್ನು ಕರುಣೆಯಿಂದ ಕೆರೆಗೆ ಬಿಡುವವರು ಬಹುಮಟ್ಟಿಗೆ ಮಕ್ಕಳೇ.

ಕೆರೆಯ ಮೀನನ್ನು ಹರಾಜಿಗೆ ಕೊಡುವಾಗ, ಕವಚವುಳ್ಳ ಅಪರಿಚಿತ ಮೀನು ಬಲೆಗೆ ಬಿದ್ದರೆ ಅದನ್ನು ಮತ್ತೆ ನೀರಿಗೆ ಬಿಡಕೂಡದೆಂದೂ, ಪಂಚಾಯಿತಿಗೂ ತಾಲ್ಲೋಕಿನ ಮೀನುಗಾರಿಕೆ ಕಚೇರಿಗೂ ತಿಳಿಸಬೇಕೆಂದೂ ಗುತ್ತಿಗೆದಾರನಿಗೆ ಹೇಳಿಡಬೇಕು. ಬೇಸಗೆಯಲ್ಲಿ ನೀರು ತಗ್ಗಿದಾಗ ಏರಿಯ ಒಳಮಗ್ಗುಲನ್ನು ನಡೆದು ನೋಡಿ, ಬಿಲಗಳಿದ್ದರೆ ಮಳೆಗೆ ಮುಂಚೆಯೇ ಜೇಡಿಮಣ್ಣಿನಿಂದ ಗಟ್ಟಿಸಿ ಮುಚ್ಚಿಸತಕ್ಕದ್ದು. ಮಳೆಯು ಅಪರೂಪವಾದ ಈ ಸೀಮೆಯಲ್ಲಿ ಹಿಂದಿನವರು ಕಟ್ಟಿಸಿಹೋದ ಒಂದು ಕೆರೆಯನ್ನು ಕಾಯುವುದು ಹೊಸದೊಂದನ್ನು ಕಟ್ಟುವುದಕ್ಕಿಂತ ಸುಲಭವೂ ಅಗ್ಗವೂ ಆದ ಕಾರ್ಯವಾಗಿದೆ.